ಕಪ್ಪತಗುಡ್ಡದ ಶಾಸನಗಳು: ಒಂದು ವಿಮರ್ಶೆ

೧

ಕನ್ನಡದಲ್ಲಿ ‘ಶಾಸನ’ ಎಂಬ ಶಬ್ದವು ಎರಡು ಅರ್ಥಗಳಲ್ಲಿ ರೂಢವಾಗಿದೆ. ಕಲ್ಲಿನ ಮೇಲೆ ಅಥವಾ ತಾಮ್ರಪಟದ ಮೇಲೆ ಕೊರೆದ ಪ್ರಾಚೀನ ಲೇಖವು ಒಂದು. ಶಾಸನಸಭೆಯು ವಿಧಿಸುವ ಕಟ್ಟಳೆಯು ಇನ್ನೊಂದು. ಮೊದಲನೆಯದನ್ನು ನಮ್ಮ ವಿದ್ವಾಂಸರು ಅಕ್ಷರ ಅಕ್ಷರವಾಗಿ ಪರಿಶೋಧಿಸುತ್ತಾರೆ. ಅದರ ಪಾಠವನ್ನು ನಿರ್ಣಯಿಸುತ್ತಾರೆ. ದಾನಿ ಯಾರು, ಪ್ರತಿಗ್ರಹಿ ಯಾರು, ಸೀಮೆ ಯಾವುದು, ಸಾಕ್ಷಿಗಳು ಯಾರೆಂದು ವಿಚಾರಿಸುತ್ತಾರೆ. ಎರಡನೆಯದನ್ನಾದರೋ ವಕೀಲರಿಗೂ ಅಧಿಕಾರಿಗಳಿಗೂ ಬಿಟ್ಟುಕೊಟ್ಟಿದ್ದೇವೆ. ಈ ವಿಭಾಗವು ಅನುಕೂಲಕ್ಕಾಗಿ ಆದುದೇ ಹೊರತು ಶಾಸ್ತ್ರಸಮ್ಮತವಾದುದಲ್ಲ. ಎರಡೂ ಲೇಖಗಳ ಉದ್ದೇಶವು ಒಂದೇ: ಇಂದು ಮಾಡಿದ ನಿರ್ಣಯವು ನಾಳಿನ ಅಧಿಕಾರಸ್ಥನ ಇಚ್ಛೆಗೆ ಸಿಕ್ಕಿ ಅಳಿಯದಂತೆ ಮಾಡುವುದು. ಆ ಉದ್ದೇಶವು ಲೇಖದ ರಚನೆಯಲ್ಲಿ ಎಷ್ಟರ ಮಟ್ಟಿಗೆ ಸಿದ್ಧಿಸಿದೆಯೆಂಬುದನ್ನು ಪರೀಕ್ಷಿಸುವುದು ವಿಮರ್ಶಕನ ಕೆಲಸವೇ ಆಗಿದೆ.

ಗದಗ ಜಿಲ್ಲೆಯ ಕಪ್ಪತಗುಡ್ಡವನ್ನು ಕುರಿತು ೨೦೧೫ರಿಂದ ೨೦೧೯ರವರೆಗೆ ಕರ್ನಾಟಕ ಸರಕಾರವು ನಾಲ್ಕು ಆಜ್ಞೆಗಳನ್ನು ಹೊರಡಿಸಿತು. ಇವು ಶಾಸನಸಭೆಯ ಸ್ವಂತ ಕೃತಿಗಳಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಬಲದಿಂದ ಹೊರಟ ಅಧಿಸೂಚನೆಗಳು. ಆದರೂ ಒಂದು ನೆಲದ ಹಣೆಬರಹವನ್ನು ನಿಶ್ಚಯಿಸಿದ ಲೇಖಗಳಾದ್ದರಿಂದ ಇವನ್ನು ಶಾಸನಗಳೆಂದೇ ಭಾವಿಸಿ, ಪ್ರಾಚೀನ ಶಾಸನಗಳಿಗೆ ನಾವು ಹಚ್ಚುವ ಒರೆಗಲ್ಲಿಗೆ ಹಚ್ಚಿ ನೋಡುವುದು ಈ ಲೇಖನದ ಉದ್ದೇಶ.

೨

ಕಪ್ಪತಗುಡ್ಡವು ಒಂದೇ ಗುಡ್ಡವಲ್ಲ, ಗುಡ್ಡಗಳ ಸಾಲು. ಗದಗಿನ ಸಮೀಪದ ಬಿಂಕದಕಟ್ಟಿಯ ಕಡೆಯಿಂದ ತೊಡಗಿ, ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳನ್ನು ಹಾಯ್ದು, ತುಂಗಭದ್ರೆಯ ದಂಡೆಯ ಸಿಂಗಟಾಲೂರಿನತ್ತ ಅದು ಹಬ್ಬಿದೆ. ಸುತ್ತಲೂ ಎರೆಯ ಬಯಲು. ನಡುವೆ ಈ ಕುರುಚಲು ಕಾಡಿನ ಬೆನ್ನು. ಮಳೆ ಕಡಿಮೆಯಾದ ಈ ಸೀಮೆಯ ಹಳ್ಳಕೊಳ್ಳಗಳಿಗೂ ಕೆರೆಗಳಿಗೂ ಗುಡ್ಡದ ನೀರೇ ಆಧಾರ. ತೋಳ, ಕತ್ತೆಕಿರುಬ, ಚಿರತೆಗಳು ಅಲ್ಲಿ ಉಳಿದಿವೆ. ಮದ್ದಿನ ಗಿಡಮೂಲಿಕೆಗಳಿಗಂತೂ ಗುಡ್ಡವು ಬಹುಕಾಲದಿಂದ ಪ್ರಸಿದ್ಧವಾಗಿದೆ. ಎಪ್ಪತ್ತು ಗಿರಿಗಳನ್ನು ನೋಡುವುದಕ್ಕಿಂತ ಕಪ್ಪತಗಿರಿಯೊಂದನ್ನು ನೋಡುವುದು ಲೇಸೆಂಬ ಭಾವದ ಗಾದೆಯು ಆ ಕಡೆಯ ಜನರ ಬಾಯಲ್ಲಿದೆ.

ಗುಡ್ಡದ ಮೇಲೆ ಏನು ಬೆಳೆದಿದೆಯೋ ಅದರಷ್ಟೇ ಪ್ರಸಿದ್ಧವಾದುದು ಅದರ ಒಳಗೆ ಇರುವುದು. ಸೊರಟೂರಿನ ಹಳ್ಳದ ಉಸುಕನ್ನು ತೊಳೆದು ಹೊನ್ನಿನ ಕಣಗಳನ್ನು ಆಯುತ್ತಿದ್ದ ಜಾಲಗಾರರೆಂಬವರು ಹಿಂದೆ ಇದ್ದರು. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂಗರ್ಭಶಾಸ್ತ್ರಜ್ಞನು ಡಂಬಳ ಗುಡ್ಡಗಳ ಹೊನ್ನಿನ ಶಿಲೆಗಳನ್ನು ಕುರಿತು ೧೮೭೪ರಲ್ಲಿಯೇ ಲೇಖನವನ್ನು ಪ್ರಕಟಿಸಿದನು. ಕಬ್ಬಿಣದ ಅದಿರೂ ಅಲ್ಲಿ ಇದೆ. ಆದ್ದರಿಂದ ಗುಡ್ಡದ ಪ್ರಶ್ನೆಯು ಈಚಿನದಲ್ಲ. ಮೇಲಿನ ಸಂಪತ್ತು ಮುಖ್ಯವೋ ಒಳಗಿನ ಸಂಪತ್ತು ಮುಖ್ಯವೋ ಎಂಬ ವಿವಾದವು ಒಂದೂವರೆ ಶತಮಾನದಿಂದ ಅದರ ಬೆನ್ನು ಹತ್ತಿದೆ.

೩

ಈ ಗುಡ್ಡದಿಂದ ಬಹಳ ದೂರವಿಲ್ಲದ ಲಕ್ಷ್ಮೇಶ್ವರವು ಪ್ರಾಚೀನ ಪುಲಿಗೆರೆ. ಕನ್ನಡದ ತಿರುಳಿನ ನಾಡನ್ನು ಹೇಳುವಾಗ ಕವಿರಾಜಮಾರ್ಗವು ಕಿಸುವೊಳಲ್, ಕೊಪಣ, ಒಂಕುಂದಗಳೊಡನೆ ಪುಲಿಗೆರೆಯನ್ನೂ ಹೆಸರಿಸುತ್ತದೆ. ಪಂಪನು ತನ್ನ ಕಾವ್ಯದ ಭಾಷೆಗೆ ಆ ಊರನ್ನೇ ಪ್ರಮಾಣವಾಗಿ ಹೇಳಿಕೊಂಡಿದ್ದಾನೆ. ಈ ಸಂಗತಿಗಳು ವಾಚಕರಿಗೆ ಸುಪರಿಚಿತವೇ. ನಮ್ಮ ಪ್ರಕೃತ ವಿಷಯಕ್ಕೆ ಹೆಚ್ಚು ಬೇಕಾದುದು ಅದೇ ಊರಿನ, ಕ್ರಿ. ಶ. ಎಂಟನೆಯ ಶತಮಾನದ ಪೂರ್ವಾರ್ಧದ ಒಂದು ಶಾಸನ. ಬಾದಾಮಿಯ ಚಾಲುಕ್ಯ ಯುವರಾಜ ವಿಕ್ರಮಾದಿತ್ಯನು ಪೊರಿಗೆರೆಯ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ಕೊಟ್ಟ ಆಚಾರವ್ಯವಸ್ಥೆಯೆಂದು ಅದು ಪ್ರಸಿದ್ಧವಾಗಿದೆ.

ಆ ಶಾಸನದ ವಿಶೇಷವೇನು? ಸಾಮಾನ್ಯ ದಾನಶಾಸನದಲ್ಲಿ ಕೊಡುವವನು ಒಬ್ಬ, ಕೊಳ್ಳುವವನು ಒಬ್ಬ. ಇಲ್ಲಿ ಹಾಗಲ್ಲ. ರಾಜಪುರುಷರು ಏನನ್ನು ಕಾಯಬೇಕೆಂಬುದನ್ನು ಮೊದಲು ಹೇಳಿದೆ: ಒಡೆಯರಿಲ್ಲದ ಮನೆ, ಅರಸನ ದತ್ತಿ, ಹಿಂದಿನಿಂದ ಬಂದ ಮರ್ಯಾದೆ, ತಾಮ್ರಶಾಸನ, ಅನುಭವಿಸುತ್ತ ಬಂದುದರ ಅನುಭೋಗ, ಇವುಗಳನ್ನು ಅವರು ಪಾಲಿಸತಕ್ಕದ್ದು. ಅನಂತರ ಊರವರು ಏನನ್ನು ಸಲ್ಲಿಸಬೇಕೆಂಬುದನ್ನು ಮನೆಮನೆಯ ಶಕ್ತಿಗೆ ತಕ್ಕಂತೆ ಉತ್ತಮ, ಮಧ್ಯಮ, ಕನಿಷ್ಠವೆಂಬ ತಾರತಮ್ಯದಿಂದ ಹೇಳಿದೆ. ಹೀಗೆ ಲೇಖವು ಎರಡು ಕೈಗಳನ್ನೂ ಕಟ್ಟುತ್ತದೆ, ಆಳುವವರ ಕೈಯನ್ನೂ ಆಳಿಸಿಕೊಳ್ಳುವವರ ಕೈಯನ್ನೂ. ಯಾರೊಡನೆ ವ್ಯವಸ್ಥೆಯಾಯಿತೋ ಅವರ ಹೆಸರು ಲೇಖದಲ್ಲಿಯೇ ಇರುವುದರಿಂದ, ಅದನ್ನು ಮುರಿದಲ್ಲಿ ಕೇಳುವ ಅಧಿಕಾರವುಳ್ಳವರು ಯಾರೆಂಬ ವಿಷಯದಲ್ಲಿ ಸಂದೇಹಕ್ಕೆ ಆಸ್ಪದವಿಲ್ಲ.

ಇದರೊಡನೆ ದಾನಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯವನ್ನೂ ನೆನೆಯಬೇಕು. ತಾನೇ ಇತ್ತುದನ್ನಾದರೂ ಅನ್ಯರು ಇತ್ತುದನ್ನಾದರೂ ಅಪಹರಿಸಿದವನಿಗೆ ಒದಗುವ ಗತಿಯನ್ನು ಅಲ್ಲಿ ಹೇಳುವುದುಂಟು. ಇದನ್ನು ಕೇವಲ ಅಂಧಶ್ರದ್ಧೆಯೆಂದು ತಳ್ಳಿಹಾಕಲಾಗದು. ಧರ್ಮಕ್ಕೆ ಹಗೆ ಹೊರಗಿನಿಂದಲೇ ಬರಬೇಕೆಂದಿಲ್ಲ, ಕೊಟ್ಟ ಕೈಯೇ ಕಿತ್ತುಕೊಳ್ಳಬಹುದು ಎಂಬ ಅನುಭವವು ಆ ಮಾತಿನಲ್ಲಿ ಅಡಕವಾಗಿದೆ. ಆದುದರಿಂದಲೇ ಶಾಸನವನ್ನು ರಚಿಸಿದವರು ದಾನಿಯನ್ನೂ ಬಿಡದೆ ಕಟ್ಟಿದರು. ನಮ್ಮ ಒರೆಗಲ್ಲಿಗೆ ಇಲ್ಲಿಂದ ನಾಲ್ಕು ಅಂಶಗಳು ದೊರೆಯುತ್ತವೆ: ಸೀಮೆ, ವ್ಯವಸ್ಥೆಯಲ್ಲಿ ಪಾಲುಳ್ಳವರು, ಪಾಲಕರು, ಮತ್ತು ಹಿಂತೆಗೆತಕ್ಕೆ ತಡೆ.

೪

ಮೊದಲನೆಯ ಆಜ್ಞೆಯು ೨೦೧೫ರ ಡಿಸೆಂಬರಿನದು. ಗುಡ್ಡದ ಸುಮಾರು ೧೭,೮೭೨ ಹೆಕ್ಟೇರು ಪ್ರದೇಶವನ್ನು ‘ಸಂರಕ್ಷಣಾ ಮೀಸಲು ಪ್ರದೇಶ’ವೆಂದು ಅದು ಸಾರಿತು. ೨೦೦೨ರ ತಿದ್ದುಪಡಿಯಿಂದ ಅಧಿನಿಯಮಕ್ಕೆ ಸೇರಿದ ೩೬-ಎ ಪ್ರಕರಣವು ಇದಕ್ಕೆ ಆಧಾರ. ಸರಕಾರದ ಒಡೆತನದ ನೆಲವನ್ನು, ಸ್ಥಳೀಯ ಜನಸಮುದಾಯಗಳೊಡನೆ ಸಮಾಲೋಚಿಸಿ, ಹೀಗೆ ಸಾರಬಹುದೆಂದು ಆ ಪ್ರಕರಣವು ಹೇಳುತ್ತದೆ. ಪ್ರದೇಶವನ್ನು ನೋಡಿಕೊಳ್ಳುವ ಸಲಹಾ ಸಮಿತಿಯಲ್ಲಿ ಅದಕ್ಕೆ ಸೇರಿದ ಪ್ರತಿಯೊಂದು ಗ್ರಾಮ ಪಂಚಾಯತಿಗೂ ಒಬ್ಬ ಪ್ರತಿನಿಧಿಯು ಇರಬೇಕೆಂದು ಮುಂದಿನ ಪ್ರಕರಣವು ವಿಧಿಸುತ್ತದೆ. ಇಲ್ಲಿ ಸೀಮೆಯುಂಟು, ಪಾಲುಳ್ಳವರೂ ಉಂಟು, ಪಾಲಕರೂ ಉಂಟು. ನಾಲ್ಕನೆಯ ಅಂಶ ಮಾತ್ರ ಇಲ್ಲ. ಒಮ್ಮೆ ಸಾರಿದುದನ್ನು ಹಿಂತೆಗೆಯಬೇಕಾದರೆ ಬೇರೊಬ್ಬರ ಒಪ್ಪಿಗೆ ಬೇಕೆಂಬ ಮಾತು ಈ ಬಗೆಯ ಪ್ರದೇಶಕ್ಕೆ ಅನ್ವಯವಾಗುವಂತೆ ಬರೆದಿಲ್ಲ.

ಆ ಲೋಪದ ಫಲವು ಒಂದು ವರ್ಷ ತುಂಬುವ ಮೊದಲೇ ತೋರಿತು. ಎರಡನೆಯ ಆಜ್ಞೆಯು ೨೦೧೬ರ ನವೆಂಬರಿನಲ್ಲಿ ಮೊದಲನೆಯದನ್ನು ಹಿಂತೆಗೆದುಕೊಂಡಿತು. ಗಮನಿಸಬೇಕಾದ ಸಂಗತಿಯೆಂದರೆ, ಸರಕಾರವು ಬದಲಾಗಿರಲಿಲ್ಲ, ಕೊಟ್ಟವರೇ ಕಿತ್ತುಕೊಂಡರು. ಸ್ಥಳೀಯರೊಡನೆ ಸಮಾಲೋಚನೆ ಸರಿಯಾಗಿ ನಡೆದಿರಲಿಲ್ಲವೆಂಬ ವಾದವು ಆಗ ಮುಂದೆ ಬಂದಿತು. ಗಣಿಯವರ ಒತ್ತಡವೇ ನಿಜವಾದ ಕಾರಣವೆಂದು ಗುಡ್ಡದ ಪರವಾಗಿ ನಿಂತವರು ಆಪಾದಿಸಿದರು. ಕಾರಣವು ಯಾವುದೇ ಇರಲಿ, ಜನರ ರಕ್ಷಣೆಗೆಂದು ಬರೆದ ಸಮಾಲೋಚನೆಯ ಮಾತೇ ರಕ್ಷಣೆಯನ್ನು ಕಳಚಲು ಉಪಯೋಗಕ್ಕೆ ಬರಬಲ್ಲದೆಂಬುದನ್ನು ಇಲ್ಲಿ ಕಾಣಬಹುದು.

೨೦೧೭ರ ಫೆಬ್ರವರಿಯಲ್ಲಿ ಗದಗಿನಲ್ಲಿ ಮೂರು ದಿನಗಳ ಅಹೋರಾತ್ರಿ ಧರಣಿ ನಡೆಯಿತು. ಅದರ ಮುಂದಾಳುಗಳು ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು. ಧಾರವಾಡದ ಸಮಾಜ ಪರಿವರ್ತನ ಸಮುದಾಯದ ಎಸ್. ಆರ್. ಹಿರೇಮಠರೂ ಅವರೊಡನೆ ಇದ್ದರು. ಗದಗ-ಬೆಟಗೇರಿಯ ಪೇಟೆಯವರೂ ಗುಡ್ಡದ ಮಗ್ಗುಲಿನ ಹಳ್ಳಿಯವರೂ ಕೂಡಿದರು. ಅದೇ ವರ್ಷದ ಏಪ್ರಿಲಿನಲ್ಲಿ ಮೂರನೆಯ ಆಜ್ಞೆಯು ಹೊರಟು, ಮೊದಲಿನ ಸ್ಥಿತಿಯನ್ನು ಮರಳಿ ಸ್ಥಾಪಿಸಿತು. ಜಯವು ದೊಡ್ಡದೇ. ಆದರೆ ಲೇಖದ ದೃಷ್ಟಿಯಿಂದ ನೋಡಿದರೆ ಮೂರನೆಯದು ಮೊದಲನೆಯದರ ಪುನರುಕ್ತಿಯೇ; ಅದರ ಗುಣವೂ ಅದೇ, ಲೋಪವೂ ಅದೇ. ಹಿಂತೆಗೆತಕ್ಕೆ ತಡೆಯು ಈಗಲೂ ಲೇಖದಲ್ಲಿ ಇರಲಿಲ್ಲ, ಬೀದಿಯಲ್ಲಿ ಇತ್ತು.

ನಾಲ್ಕನೆಯ ಆಜ್ಞೆಯು ೨೦೧೯ರ ಮೇ ತಿಂಗಳಿನದು. ಸುಮಾರು ೨೪೪ ಚದರ ಕಿಲೋಮೀಟರು ಪ್ರದೇಶವು ಅದರಿಂದ ‘ವನ್ಯಜೀವಿ ಧಾಮ’ವಾಯಿತು. ಹೋರಾಟಕ್ಕೆ ಬಲವಾಗಿ ನಿಂತಿದ್ದ ಸಿದ್ಧಲಿಂಗ ಸ್ವಾಮಿಗಳು ೨೦೧೮ರ ಅಕ್ಟೋಬರ್ ೨೦ರಂದು ಲಿಂಗೈಕ್ಯರಾಗಿದ್ದರು. ಇದನ್ನು ಕಾಣಲು ಅವರು ಉಳಿಯಲಿಲ್ಲ. ಧಾಮಕ್ಕೂ ಮೀಸಲು ಪ್ರದೇಶಕ್ಕೂ ಇರುವ ಭೇದವು ಹೆಸರಿನದಲ್ಲ. ಧಾಮದ ಸೀಮೆಯನ್ನು ಬದಲಿಸಬೇಕಾದರೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಶಿಫಾರಸು ಬೇಕೆಂದು ೨೬-ಎ ಪ್ರಕರಣವು ಕಟ್ಟುಮಾಡಿದೆ. ಧಾಮದ ಒಳಗೂ ಅದರ ಗಡಿಯಿಂದ ಒಂದು ಕಿಲೋಮೀಟರಿನ ಅಂತರದಲ್ಲಿಯೂ ಗಣಿಗಾರಿಕೆಯು ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು ೨೦೨೩ರ ಏಪ್ರಿಲಿನಲ್ಲಿ ಹೇಳಿದೆ. ಪ್ರಾಚೀನರು ಶಾಪಾಶಯದಿಂದ ಸಾಧಿಸಲು ಬಯಸಿದುದು ಇದನ್ನೇ.

ಹಾಗಾದರೆ ನಾಲ್ಕನೆಯ ಲೇಖವು ಸರ್ವಾಂಗಪೂರ್ಣವೆನ್ನಬಹುದೆ? ಎನ್ನಲಾಗದು. ತಡೆಯು ದೊರೆತಿತು, ಆದರೆ ಪಾಲುಳ್ಳವರ ಸ್ಥಾನವು ಇಳಿಯಿತು. ಧಾಮದಲ್ಲಿ ಕುರಿ ಮೇಯಿಸುವುದೂ ಸೊಪ್ಪು ಸೌದೆ ತರುವುದೂ ಅಧಿಕಾರಿಯ ಅನುಮತಿಗೆ ಒಳಪಟ್ಟ ವಿಷಯಗಳು. ಹಳ್ಳಿಹಳ್ಳಿಗೂ ಒಬ್ಬ ಪ್ರತಿನಿಧಿಯೆಂಬ ಮೊದಲಿನ ಏರ್ಪಾಡು ಧಾಮಕ್ಕೆ ಇಲ್ಲ. ಮೊದಲನೆಯ ಲೇಖವು ಜನರಿಗೆ ಸಮೀಪವಾಗಿದ್ದು ಆಳುವವರ ಮುಂದೆ ದುರ್ಬಲವಾಗಿತ್ತು. ಕೊನೆಯದು ಆಳುವವರ ಮುಂದೆ ಸಬಲವಾಗಿದ್ದು ಜನರಿಗೆ ದೂರವಾಯಿತು. ಪುಲಿಗೆರೆಯ ಆಚಾರವ್ಯವಸ್ಥೆಯು ಒಂದೇ ಲೇಖದಲ್ಲಿ ಕೂಡಿಸಿದ್ದ ಎರಡು ಗುಣಗಳು ಇಲ್ಲಿ ಎರಡು ಪ್ರಕರಣಗಳಲ್ಲಿ ಹಂಚಿಹೋಗಿವೆ.

ಇನ್ನೊಂದು ಸಂಗತಿಯು ರಾಜ್ಯದ ಶಾಸನಸಭೆಗೆ ಸಂಬಂಧಪಟ್ಟುದು. ೧೯೯೧ರ ತಿದ್ದುಪಡಿಯಲ್ಲಿ ಧಾಮದ ಸೀಮೆಯನ್ನು ಬದಲಿಸಲು ಆಯಾ ರಾಜ್ಯದ ಶಾಸನಸಭೆಯ ನಿರ್ಣಯವು ಬೇಕೆಂದಿತ್ತು. ೨೦೦೨ರಲ್ಲಿ ಆ ಅಧಿಕಾರವು ರಾಷ್ಟ್ರೀಯ ಮಂಡಳಿಗೆ ಹೋಯಿತು. ತಜ್ಞರ ಮಂಡಳಿಯು ಸ್ಥಳೀಯ ಒತ್ತಡಗಳಿಗೆ ದೂರವೆಂಬುದು ನಿಜ. ಆದರೆ ಶಿರಹಟ್ಟಿಯ ಅಥವಾ ಮುಂಡರಗಿಯ ರೈತನು ತನ್ನ ಪ್ರತಿನಿಧಿಯು ಬಹಿರಂಗವಾಗಿ, ಕನ್ನಡದಲ್ಲಿ, ಏನು ಹೇಳಿದನೆಂಬುದನ್ನು ಕೇಳಬಹುದಾಗಿದ್ದ ಒಂದು ಸ್ಥಾನವು ಇದರಿಂದ ಇಲ್ಲವಾಯಿತು. ಎರಡು ಒಪ್ಪಿಗೆಗಳೂ ಇರಬೇಕೆಂದು ಬರೆದಿದ್ದರೆ ಲೇಖವು ಇನ್ನೂ ದೃಢವಾಗುತ್ತಿತ್ತು.

೫

ಈಗ ಭಾಷೆಯ ವಿಚಾರ. ಗುಡ್ಡದ ಪರವಾದ ಹೋರಾಟದಲ್ಲಿ ಎರಡು ಕನ್ನಡಗಳು ಬಳಕೆಯಾದವು. ಒಂದು ಭಾಷಣದ ಕನ್ನಡ. ಅದರಲ್ಲಿ ಗುಡ್ಡವು ಸಂಜೀವಿನಿಯ ಗಿರಿ, ದೇವರ ನೆಲೆ, ಬಯಲುಸೀಮೆಯ ಮಲೆನಾಡು. ಜನರನ್ನು ಕೂಡಿಸಿದುದು ಈ ಕನ್ನಡವೇ. ಇದಕ್ಕೆ ಪೂರ್ವಪರಂಪರೆಯೂ ಉಂಟು. ಕುಸನೂರು ಗದಗಿನಂತೆಯೇ ಅಂದಿನ ಅವಿಭಕ್ತ ಧಾರವಾಡ ಜಿಲ್ಲೆಗೆ ಸೇರಿತ್ತು. ಊರಿನ ಗೋಮಾಳದಂತಹ ಸಾಮುದಾಯಿಕ ಭೂಮಿಯಲ್ಲಿ ನೀಲಗಿರಿ ನೆಡುವುದನ್ನು ಎದುರಿಸಿ, ೧೯೮೭ರ ನವೆಂಬರ್ ೧೪ರಂದು ಅಲ್ಲಿ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹವು ನಡೆಯಿತು. ನೀಲಗಿರಿಯ ಸಸಿಗಳನ್ನು ಕಿತ್ತು, ಊರಿಗೆ ಉಪಯೋಗವಾದ ಸಸಿಗಳನ್ನು ಹಚ್ಚುವುದು ಅದರ ಕ್ರಮ. ಎರಡೇ ಕ್ರಿಯಾಪದಗಳಲ್ಲಿ ಬೇಡವಾದುದನ್ನೂ ಬೇಕಾದುದನ್ನೂ ಹೇಳಿದ ಆ ಹೆಸರಿಗೆ ವ್ಯಾಖ್ಯಾನವೇ ಬೇಕಾಗಿರಲಿಲ್ಲ. ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯ ಪರಿಸರದಲ್ಲಿ ಪೋಸ್ಕೊ ಉಕ್ಕಿನ ಕಾರಖಾನೆಗೆಂದು ಭೂಮಿಯನ್ನು ವಶಪಡಿಸಿಕೊಳ್ಳುವ ಪ್ರಯತ್ನವು ೨೦೧೧ರಲ್ಲಿ ನಿಂತುದೂ ಸಿದ್ಧಲಿಂಗ ಸ್ವಾಮಿಗಳ ಮುಂದಾಳುತನದಲ್ಲಿ ಇಂತಹ ಕನ್ನಡವನ್ನಾಡಿದ ರೈತರಿಂದಲೇ. ಗೋಕಾಕ ಚಳವಳಿಯಲ್ಲಿ ಕನ್ನಡಕ್ಕಾಗಿ ನಿಂತಿದ್ದ ಸ್ವಾಮಿಗಳು ಕನ್ನಡದ ನೆಲಕ್ಕಾಗಿಯೂ ನಿಂತರು.

ಇನ್ನೊಂದು ಆಜ್ಞೆಯ ಕನ್ನಡ. ಅದು ಇಂಗ್ಲಿಷಿನ ಅಧಿನಿಯಮದ ನೆರಳು. ಇಲ್ಲಿಯ ಪಾರಿಭಾಷಿಕ ಪದಗಳನ್ನು ನೋಡೋಣ. ಮೀಸಲು ಅರಣ್ಯ, ರಕ್ಷಿತ ಅರಣ್ಯ, ಸಂರಕ್ಷಿತ ಅರಣ್ಯ, ಸಂರಕ್ಷಣಾ ಮೀಸಲು ಪ್ರದೇಶ, ವನ್ಯಜೀವಿ ಧಾಮ ಮುಂತಾದವು ಪತ್ರಿಕೆಗಳಲ್ಲಿಯೂ ಭಾಷಣಗಳಲ್ಲಿಯೂ ಒಂದರ ಬದಲು ಒಂದು ಬಳಕೆಯಾಗುತ್ತವೆ. ಕಾಯಿದೆಯಲ್ಲಾದರೋ ಇವು ಒಂದೇ ಅಲ್ಲ. ಮೀಸಲು ಅರಣ್ಯವು ಅರಣ್ಯದ ಕಾಯಿದೆಯ ಪದ, ಸಂರಕ್ಷಣಾ ಮೀಸಲು ವನ್ಯಜೀವಿಗಳ ಕಾಯಿದೆಯ ಪದ. ಒಂದರ ಬಲವು ಇನ್ನೊಂದಕ್ಕೆ ಇಲ್ಲ. ‘ಸಂರಕ್ಷಿತ’ವೆಂಬ ಭೂತಕೃದಂತವನ್ನು ಕೇಳಿದವನು ರಕ್ಷಣೆಯ ಕಾರ್ಯವು ಮುಗಿಯಿತೆಂದು ತಿಳಿಯುವುದು ಸಹಜ. ೨೦೧೫ರಲ್ಲಿ ದೊರೆತುದು ಹಿಂತೆಗೆಯಲು ಬರುವಂತಹ ರಕ್ಷಣೆಯೆಂಬುದನ್ನು ಆ ಪದವು ಸೂಚಿಸಲಿಲ್ಲ. ಮಾತಿನ ಈ ಮಬ್ಬು ಸಣ್ಣದಲ್ಲ; ಬೇಡಿಕೆಯನ್ನು ಮುಂದಿಡುವವರು ಏನನ್ನು ಬೇಡಬೇಕೆಂಬುದೇ ಅದರಲ್ಲಿ ಮರೆಯಾಗುತ್ತದೆ. ಮೀಸಲನ್ನು ಮರಳಿ ಪಡೆದ ಮೇಲೆ ಧಾಮವು ಬರಲು ಇನ್ನೆರಡು ವರ್ಷಗಳು ಬೇಕಾದುದನ್ನು ಇಲ್ಲಿ ನೆನೆಯಬೇಕು.

೬

ನಮ್ಮ ಹೋಲಿಕೆಗೆ ಬರಬಹುದಾದ ಆಕ್ಷೇಪಗಳನ್ನು ವಿಚಾರಿಸದೆ ಮುಂದುವರಿಯುವುದು ಯುಕ್ತವಲ್ಲ. ಪ್ರಾಚೀನ ಶಾಸನಗಳು ಬಹುಮಟ್ಟಿಗೆ ಅಗ್ರಹಾರ, ದೇವಾಲಯ, ಬಸದಿಗಳ ಹಿತಕ್ಕಾಗಿ ಹುಟ್ಟಿದವು. ಅವು ಕಾದುದು ಭೋಗಿಸುವವನ ಹಕ್ಕನ್ನು, ನೆಲವನ್ನಲ್ಲ. ಕಾಡು ಅಲ್ಲಿ ಅನೇಕ ವೇಳೆ ಕಡಿದು ಹೊಲ ಮಾಡತಕ್ಕ ವಸ್ತು. ಅಲ್ಲದೆ ಶಾಪವನ್ನು ಮತ್ತೆ ಮತ್ತೆ ಬರೆಯಬೇಕಾಗಿ ಬಂದುದೇ ಅದು ಮತ್ತೆ ಮತ್ತೆ ಮೀರಲ್ಪಡುತ್ತಿತ್ತೆಂಬುದಕ್ಕೆ ಸಾಕ್ಷಿ. ಈ ಮಾತುಗಳು ಸತ್ಯ. ನಾವು ಪ್ರಾಚೀನರ ಉದ್ದೇಶವನ್ನು ಅನುಕರಿಸಬೇಕೆನ್ನುತ್ತಿಲ್ಲ. ಅವರ ರಚನೆಯನ್ನು ಗಮನಿಸಬೇಕೆನ್ನುತ್ತೇವೆ. ಯಾರಿಗಾಗಿ ಬರೆದರೆಂಬುದರಲ್ಲಿ ನಾವು ಅವರಿಗಿಂತ ಮುಂದೆ ಬಂದಿದ್ದೇವೆ. ಹೇಗೆ ಬರೆಯಬೇಕೆಂಬುದರಲ್ಲಿ ಅವರಿಂದ ಕಲಿಯತಕ್ಕುದು ಇದೆ.

ಎರಡನೆಯ ಆಕ್ಷೇಪವು ಇನ್ನೂ ಗಹನವಾದುದು. ಇಂದು ಭೂಮಿಯ ಉಷ್ಣತೆಯು ಏರುತ್ತಿರುವಾಗ, ಕಲ್ಲಿದ್ದಲನ್ನು ಬಿಟ್ಟು ಗಾಳಿ ಬಿಸಿಲುಗಳಿಂದ ವಿದ್ಯುತ್ತನ್ನು ಪಡೆಯಬೇಕೆಂಬುದು ಸರ್ವಸಮ್ಮತ. ಕರ್ನಾಟಕವು ೧೯೯೬ರಲ್ಲಿ ಇದಕ್ಕೆಂದೇ ಒಂದು ನಿಯಮಿತವನ್ನು ಸ್ಥಾಪಿಸಿತು. ೨೦೨೨ರಿಂದ ೨೦೨೭ರ ಅವಧಿಗೆ ನವೀಕರಿಸಬಹುದಾದ ಇಂಧನದ ನೀತಿಯನ್ನೂ ಸಾರಿದೆ. ಗದಗ ಜಿಲ್ಲೆಯು ಗಾಳಿಯ ಸಂಪತ್ತುಳ್ಳ ಸೀಮೆ. ಕಪ್ಪತಗುಡ್ಡದ ನೆತ್ತಿಯ ಬಸವಣ್ಣನಿಗೆ ಜನರು ಗಾಳಿಗುಂಡಿಯ ಬಸವಣ್ಣನೆಂದೇ ಹೆಸರಿಟ್ಟಿದ್ದಾರೆ. ಆ ಸಾಲಿನ ಮೇಲೆ ಈಗ ಗಾಳಿಯಂತ್ರಗಳು ನಿಂತಿವೆ. ಗುಡ್ಡವನ್ನು ಕಾಯುವ ಶಾಸನವೂ ಗಾಳಿಯನ್ನು ಬಳಸುವ ಶಾಸನವೂ ಒಂದೇ ನೆಲದ ಮೇಲೆ ಎದುರುಬದುರಾದಾಗ ಯಾವುದು ಮೇಲು?

ಎರಡೂ ಪರಿಸರದ ಹೆಸರಿನಲ್ಲಿಯೇ ಬಂದವು. ಆದುದರಿಂದ ಹೆಸರಿನಿಂದ ನಿರ್ಣಯವಾಗದು. ಇಲ್ಲಿಯೂ ಆ ನಾಲ್ಕು ಅಂಶಗಳನ್ನೇ ಕೇಳಬೇಕು. ಅರಣ್ಯದ ಭೂಮಿಯಾದರೆ ೧೯೮೦ರ ಅರಣ್ಯ ಸಂರಕ್ಷಣಾ ಅಧಿನಿಯಮದಂತೆ ಕೇಂದ್ರದ ಸಮ್ಮತಿ ಬೇಕು. ಆದರೆ ೨೦೦೬ರ ಪರಿಸರ ಪರಿಣಾಮ ಅಂದಾಜಿನ ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿಯ ವಿದ್ಯುತ್ತು ಸೇರಿಲ್ಲ. ಗಾಳಿಯಂತ್ರವು ಹೊಗೆಯನ್ನು ಉಗುಳದೆಂಬುದು ಸರಿ. ಅದರ ಬುಡಕ್ಕೆ ದಾರಿ ಬೇಕು, ದಾರಿಗೆ ಗುಡ್ಡದ ಮಗ್ಗುಲು ಕಡಿಯಬೇಕು, ಕಡಿದ ಮಣ್ಣು ಮಳೆಯಲ್ಲಿ ಹಳ್ಳಕ್ಕೆ ಇಳಿಯುತ್ತದೆ. ಬಯಲಿನ ಹೊಲದಲ್ಲಿ ನಿಂತ ಯಂತ್ರಕ್ಕೂ ಗುಡ್ಡದ ಬೆನ್ನಿನ ಮೇಲೆ ನಿಂತ ಯಂತ್ರಕ್ಕೂ ಹೀಗೆ ಭೇದವುಂಟು. ಇಂಧನದ ನೀತಿಯಲ್ಲಿ ಈ ಭೇದವು ಸೀಮೆಯ ರೂಪದಲ್ಲಿ, ಅಂದರೆ ಎಲ್ಲಿ ಸಲ್ಲುವುದು, ಎಲ್ಲಿ ಸಲ್ಲದು ಎಂಬ ಮಾತಿನಲ್ಲಿ, ಬರೆಯಲ್ಪಡಬೇಕು. ಎಷ್ಟು ಮೆಗಾವ್ಯಾಟ್ ಎಂಬುದನ್ನು ಮಾತ್ರ ಹೇಳಿ ಎಲ್ಲಿ ಎಂಬುದನ್ನು ಹೇಳದ ನೀತಿಯು ಸೀಮೆಯಿಲ್ಲದ ದಾನಶಾಸನದಂತೆ ಮುಂದಿನ ವ್ಯಾಜ್ಯಕ್ಕೆ ಬೀಜವಾಗುತ್ತದೆ.

೭

ಮೇಲಿನ ವಿಮರ್ಶೆಯ ಸಾರವಿಷ್ಟು. ಕಪ್ಪತಗುಡ್ಡವು ಉಳಿದುದು ಲೇಖದ ಬಲದಿಂದ ಮಾತ್ರವಲ್ಲ, ಜನರ ಬಲದಿಂದ. ಆದರೆ ಜನರು ಪ್ರತಿ ವರ್ಷವೂ ಮೂರು ಅಹೋರಾತ್ರಿ ಬೀದಿಯಲ್ಲಿ ಕುಳಿತಿರಲಾರರು. ಆ ಬಲವನ್ನು ಲೇಖದೊಳಕ್ಕೆ ತರುವುದೇ ಉತ್ತಮ ಶಾಸನದ ಲಕ್ಷಣ. ಹವೆಯ ಬದಲಾವಣೆಯನ್ನು ಕುರಿತಾಗಲಿ, ಇಂಧನವನ್ನು ಕುರಿತಾಗಲಿ, ಕಾಡನ್ನು ಕುರಿತಾಗಲಿ ಕರ್ನಾಟಕದ ಶಾಸನಸಭೆಯ ಮುಂದೆ ಬರುವ ಪ್ರತಿಯೊಂದು ಮಸೂದೆಯನ್ನೂ ಈ ನಾಲ್ಕು ಪ್ರಶ್ನೆಗಳಿಂದ ಪರೀಕ್ಷಿಸಬೇಕು: ಸೀಮೆ ಸ್ಪಷ್ಟವಾಗಿದೆಯೆ? ಅದರಿಂದ ಬದುಕು ಮಾರ್ಪಡುವವರು ಲೇಖದಲ್ಲಿ ಪಾಲುಳ್ಳವರಾಗಿ ಕಾಣುತ್ತಾರೆಯೆ? ಪಾಲಕನು ಯಾರು, ಅವನು ತಪ್ಪಿದರೆ ಕೇಳುವವರು ಯಾರು? ಕೊಟ್ಟವನು ಕಿತ್ತುಕೊಳ್ಳದಂತೆ ತಡೆಯೇನು?

ಈ ಪರೀಕ್ಷೆಗೆ ವಕೀಲರು ಸಾಲರು. ಪದಗಳ ಅರ್ಥಮರ್ಯಾದೆಯನ್ನು ಬಲ್ಲವರು, ಹಳೆಯ ಲೇಖಗಳು ಹೇಗೆ ಬಾಳಿದವು, ಹೇಗೆ ಅಳಿದವು ಎಂಬುದನ್ನು ಬಲ್ಲವರು ಬೇಕು. ಪರಿಸರದ ಕಾಯಿದೆಗಳಿಗೆ ಒಂದೇ ಅರ್ಥದಲ್ಲಿ ನಿಲ್ಲುವ ಕನ್ನಡ ಪರಿಭಾಷೆಯನ್ನು ಸಿದ್ಧಪಡಿಸುವುದೂ, ಜನರಿಗೆ ಸಂಬಂಧಿಸಿದ ಅಧಿಸೂಚನೆಗಳ ಪಾಠವನ್ನು ತರಗತಿಯಲ್ಲಿ ಒಂದು ಶಾಸನದ ಪಾಠದಂತೆ ಓದಿ ವಿವರಿಸುವುದೂ ಭಾಷಾಸಂಘಗಳಿಗೂ ಕನ್ನಡದ ಅಧ್ಯಾಪಕರಿಗೂ ಸಲ್ಲುವ ಕೆಲಸಗಳು. ಪುಲಿಗೆರೆಯ ಕಲ್ಲನ್ನು ಓದಬಲ್ಲವರು ಕಪ್ಪತಗುಡ್ಡದ ಕಾಗದವನ್ನು ಓದಲಾರೆವೆಂದು ಹಿಂಜರಿಯಬೇಕಾದುದಿಲ್ಲ. ವಿದ್ವಜ್ಜನರು ಈ ವಿಷಯವನ್ನು ವಿಚಾರಕ್ಕೆ ತೆಗೆದುಕೊಂಡು, ಇಲ್ಲಿ ಹೇಳಿದುದರಲ್ಲಿ ತಿದ್ದತಕ್ಕುದನ್ನು ತಿದ್ದಿ, ಸೇರಿಸತಕ್ಕುದನ್ನು ಸೇರಿಸಿ ಮುಂದುವರಿಸಬೇಕೆಂದು ಬಿನ್ನವಿಸುತ್ತೇವೆ.